ಲೈನ್‌ಮ್ಯಾನ್ ಹೇಳಿದ ‘ಬಿಡ್ರಿ’

ಲೈನ್‌ಮ್ಯಾನ್ ತೀರಿಕೊಂಡ ಮೇಲೆ ಒಂದು ದಿನ ನನ್ನ ಅಂಗಡಿ ಮುಂದೆ ಚಹಾ ಕುಡಿಯುತ್ತ ನಿಂತಿದ್ದವರಲ್ಲಿ ಒಬ್ಬ, "ಸೊಂಟದ ಕೆಳಗ ಸ್ವಾಧೀನ ಇಲ್ಲದಾವ ಸಮುದ್ರಕ್ಕ ಯಾಕ ಹೋಗಬೇಕಿತ್ತು? ಬಿಡ್ರಿ, ಅವನ ಹಣಿಬರಾ" ಎಂದ. ನಾನು ವೆಲ್ಡಿಂಗ್ ಹೋಲ್ಡರ್ ಕೆಳಗಿಟ್ಟು, ಮುಖದ ಮೇಲಿನ ಗಾಜು ಎತ್ತಿ, "ಅವ ಸಮುದ್ರದಾಗ ಸತ್ತಿಲ್ಲ. ತಿಳ್ಕೊಂಡು ಮಾತಾಡ್ರಿ" ಎಂದೆ. ಅವರು ಲೋಟ ಇಟ್ಟು ಹೋದರು. ತಿಳಿದುಕೊಳ್ಳುವ ತ್ರಾಸು ಯಾರಿಗೂ ಬೇಕಾಗಿರಲಿಲ್ಲ.

ಈ ‘ಬಿಡ್ರಿ’ ಎನ್ನುವುದು ನಮ್ಮ ಕಡೆಯ ಐದು ತಾಲೂಕಿನ ಮಾತು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಹಿಡಿದದ್ದನ್ನು ಬಿಡಿ ಎನ್ನುವುದಕ್ಕೂ ಅದೇ. ಹೋಗಲಿ, ಸಾಕು, ಯಾಕೆ ಬೇಕು ಎನ್ನುವುದಕ್ಕೂ ಅದೇ. ಬಸ್ಸು ತಪ್ಪಿದರೂ ಬಿಡ್ರಿ, ಬೆಳೆ ಹೋದರೂ ಬಿಡ್ರಿ. ಲೈನ್‌ಮ್ಯಾನ್ ಕಂಬದಿಂದ ಬಿದ್ದು ಮೂಲೆ ಹಿಡಿದ ದಿನದಿಂದ ಅವನು ಜನರ ಬಾಯಲ್ಲಿ ಕೇಳಿದ್ದು ಈ ಎರಡನೆಯ ಬಿಡ್ರಿಯನ್ನೇ. ಮದುವೆಗೆ ಹೊರಟರೆ "ನೀವು ಬಿಡ್ರಿ, ನಿಮಗ ತ್ರಾಸು." ಬಸ್ಸಿನ ಬಾಗಿಲಿಗೆ ಬಂದರೆ ಕಂಡಕ್ಟರ್ "ಈ ಗಾಡಿ ಬಿಡ್ರಿ, ಹಿಂದ ಖಾಲಿ ಬರತೈತಿ." ಅವನಿಗೂ ರೂಢಿಯಾಗಿ, ಅವನೂ ಅದನ್ನೇ ಹೇಳುತ್ತಿದ್ದ.

ನನ್ನದು ಹಗರಿಬೊಮ್ಮನಹಳ್ಳಿಯಲ್ಲಿ ಕೊಟ್ಟೂರು ರಸ್ತೆಗೆ ವೆಲ್ಡಿಂಗ್ ಅಂಗಡಿ. ಅಬ್ಬಾ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಸ್ಲೇಟು ಬಿಟ್ಟು ಸುತ್ತಿಗೆ ಹಿಡಿದೆ. ಅದಕ್ಕೆ ಬೇಸರವಿಲ್ಲ. ನಾನು ಹಾಕಿದ ಬೆಸುಗೆ ಬಿಟ್ಟಿತೆಂದು ಇವತ್ತಿನವರೆಗೆ ಒಬ್ಬನೂ ವಾಪಸ್ ಬಂದಿಲ್ಲ. ಕಾಲಿಲ್ಲದವರ ಸ್ಕೂಟರಿಗೆ ಹಿಂದೆ ಎರಡು ಗಾಲಿ ಜೋಡಿಸುವ ಕೆಲಸಕ್ಕೆ ಹಡಗಲಿ, ಕೊಟ್ಟೂರಿನಿಂದಲೂ ಜನ ನನ್ನಲ್ಲಿಗೇ ಬರುತ್ತಾರೆ. ಲೈನ್‌ಮ್ಯಾನ್ ಬಂದದ್ದೂ ಹಾಗೆ, ಹಂಪಸಾಗರದಿಂದ ಆಟೋದಲ್ಲಿ, ಹೆಂಡತಿಯ ತಮ್ಮನ ಹೆಗಲಿಗೆ ಜೋತುಬಿದ್ದುಕೊಂಡು.

ಗಾಡಿ ತಯಾರಾದ ದಿನ ಅವನು ಅದನ್ನು ಮುಟ್ಟಿದ್ದು ಹಿಂಗೈಯಿಂದ. ಹ್ಯಾಂಡಲ್, ಸೀಟು, ಗಾಲಿಯ ಕವರು, ಎಲ್ಲವನ್ನೂ ಬೆರಳಿನ ಹಿಂಭಾಗದಿಂದ ಸವರಿ ನೋಡಿದ. ನನಗೆ ಸಿಟ್ಟು ಬಂತು. "ಯಾಕ, ಹೊಲಸಾಗೇತೇನು?" ಎಂದೆ.

"ಇಲ್ಲ ಮೇಸ್ತ್ರಿ, ರೂಢಿ. ಒಳಗೈಯಿಂದ ಮುಟ್ಟಿದ್ರ ಕರೆಂಟು ಕೈ ಹಿಡ್ಕೊಂತೈತಿ, ಬಿಡಲ್ಲ. ಹಿಂಗೈಯಿಂದ ಮುಟ್ಟಿದ್ರ ಝಾಡಿಸಿ ಒಗದು ಬಿಡತೈತಿ. ಬದುಕ್ತೀವಿ."

"ನನ್ನ ಗಾಡ್ಯಾಗ ಕರೆಂಟಿಲ್ಲ."

"ಹೊಸಾದು ಯಾವುದ್ರಾಗ ಏನೈತಿ ಅಂತ ಯಾರಿಗೆ ಗೊತ್ತು" ಎಂದು ನಕ್ಕ. ಚಹಾದ ಲೋಟವನ್ನೂ ಹಾಗೆಯೇ ಮುಟ್ಟಿ ನೋಡಿ ಆಮೇಲೆ ಹಿಡಿಯುತ್ತಿದ್ದ. ಅಲ್ಲಿಂದ ನಮ್ಮ ಸ್ನೇಹ.

ಅವನು ಕರೆಂಟು ಹೊಡೆದು ಬಿದ್ದವನಲ್ಲ. ಹಡಗಲಿ ಕಡೆಯ ಒಂದು ಹೊಲದಲ್ಲಿ, ಐದು ನಿಮಿಷದ ಕೆಲಸ ಎಂದು ಬೆಲ್ಟ್ ಕಟ್ಟಿಕೊಳ್ಳದೆ ಕಂಬ ಹತ್ತಿದ್ದ. ಬೆಲ್ಟು ಬೈಕಿನ ಡಬ್ಬಿಯಲ್ಲೇ ಇತ್ತು. ಕಾಲು ಜಾರಿತು. ಬೆನ್ನು ಮುರಿಯಿತು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದರೆ ಗೊತ್ತೂ ಆಗದು. ಅಲ್ಲಿ ಗಾಯವಾದರೆ ಅವನಿಗೆ ನೋವಿನ ಸುದ್ದಿಯೇ ತಲುಪುತ್ತಿರಲಿಲ್ಲ. ಅದಕ್ಕೇ ಅವನ ಹೆಂಡತಿ ದಿನಾ ಸಂಜೆ ಅವನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು, ಪೃಷ್ಠ, ತೊಡೆ, ಹಿಮ್ಮಡಿ ನೋಡಿ, ಎಲ್ಲಾದರೂ ಕೆಂಪಾಗಿದ್ದರೆ ಕನ್ನಡಿ ಹಿಡಿದು ಅವನಿಗೂ ತೋರಿಸುತ್ತಿದ್ದಳು. "ಇಡೀ ತಾಲೂಕಿನಾಗ ದಿನಾ ಲೈನ್ ತಪಾಸಣಿ ಆಗೂದು ನನ್ನ ಒಬ್ಬಂದ" ಎನ್ನುತ್ತಿದ್ದ ಅವನು. ಆಕೆ ನಗುತ್ತಿರಲಿಲ್ಲ. ಆ ಕೆಲಸದಲ್ಲಿ ನಗುವುದಕ್ಕೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ, ಇಳಿಯದೆ, ಫೋನು ನನ್ನ ಮೂಗಿಗೆ ಹಿಡಿದ. ಸಮುದ್ರ. ಅವನಂಥದೇ ಒಬ್ಬ ಮನುಷ್ಯ ಹಲಗೆಯ ಮೇಲೆ ಬೋರಲು ಮಲಗಿ, ಎದೆ ಎತ್ತಿಕೊಂಡು, ತೆರೆಯ ಜೊತೆಗೆ ಜಾರಿ ದಡಕ್ಕೆ ಬರುತ್ತಿದ್ದ. ಹಿಂದೆ ಇಬ್ಬರು ನೀರಲ್ಲಿ ನಿಂತು ಅವನನ್ನು ತಳ್ಳಿ ಕೈ ಎತ್ತಿದ್ದರು. ಸರ್ಫಿಂಗ್ ಅಂತೆ. ಕೈಕಾಲು ಆಡದವರಿಗೂ ಹಲಗೆ ಬದಲಾಯಿಸಿ, ಜೊತೆಗೆ ಜನ ನಿಂತು ಕಲಿಸುತ್ತಾರಂತೆ.

"ಇದನ್ನ ಮಾಡಾಣ" ಎಂದ.

"ಲೇ, ಇದು ಸಮುದ್ರ. ನಮ್ಮ ಕಡಿ ಸಮುದ್ರ ಎಲ್ಲೈತಿ?"

"ನಮ್ಮೂರ ಹೆಸರಿನಾಗ ಐತಲ್ಲ. ಹಂಪಸಾಗರ."

"ಡ್ಯಾಮಿನ ಹಿನ್ನೀರದು. ಬ್ಯಾಸಗಿಗೆ ಆ ಸಾಗರ ಓಡಿ ಹೋಗತೈತಿ. ಅಲ್ಲೇ ಸೌತಿಕಾಯಿ ಬೆಳೀತೀರಿ ನೀವು."

"ಓಡಿ ಹೋಗೋದ್ರಾಗ ಕಲಿಯಾಣ" ಎಂದ. ಆಮೇಲೆ ನಗು ಬಿಟ್ಟು, ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ ಹೇಳಿದ: "ನಾ ಬಿದ್ದಾಗಿಂದ ಯಾರದರ ಕೈ ನನ್ನ ಮೈಮ್ಯಾಲ ಇದ್ದೇ ಇರತೈತಿ ಮೇಸ್ತ್ರಿ. ಎತ್ತಾಕ, ಕುಂದ್ರಸಾಕ, ತೊಳಿಯಾಕ. ಸ್ಕೂಟರ್ ಮ್ಯಾಲ ಒಬ್ಬನ ಬರ್ತೀನಿ ಖರೆ, ಹತ್ತಸಾಕ ಒಬ್ಬ ಬೇಕು, ಇಳಸಾಕ ಒಬ್ಬ ಬೇಕು. ಒಂದ್ಸಲ, ಒಂದ ಸಲ, ಯಾರೂ ಹಿಡೀದ ಹೋಗಬೇಕು. ತೆರಿ ಒಂದ ಒಯ್ಯಬೇಕು."

ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಹೆಚ್ಚಿಲ್ಲ.

ಕರಾವಳಿಯ ಒಂದು ಊರಿನಲ್ಲಿ ಕಲಿಸುವ ಕೋಚ್ ಒಬ್ಬರನ್ನು ಅವನೇ ಫೋನಿನಲ್ಲಿ ಹುಡುಕಿದ. ಅವರು ಹೇಳಿದಂತೆ ಹಲಗೆ ಮಾಡಿದವನು ನಾನು. ನಿಂತು ಆಡುವವರ ಹಲಗೆಗಿಂತ ಅಗಲ, ಉದ್ದ, ದಪ್ಪ, ನೀರಿನಲ್ಲಿ ತೊನೆಯಬಾರದು. ಒಳಗೆ ಗಟ್ಟಿ ಫೋಮು, ಮೇಲೆ ನೀರಿನ ಟ್ಯಾಂಕಿಗೆ ತೇಪೆ ಹಾಕುವ ಫೈಬರ್ ಬಟ್ಟೆ ಮತ್ತು ರಾಳ. ಎದೆಯ ಕೆಳಗೆ ಇಳಿಜಾರಾದ ದಿಂಬು, ತಲೆ ಎತ್ತಿಡಲು. ಎರಡೂ ಕಡೆ ಕೈಗೆ ರಬ್ಬರಿನ ಹಿಡಿ. ಮಲಗುವ ಜಾಗಕ್ಕೆಲ್ಲ ಮೆತ್ತನೆಯ ಚಾಪೆ, ಒಂದು ಹೊಲಿಗೆಯೂ ಮೈಗೆ ತಾಗದಂತೆ. ಸೊಂಟದ ಹತ್ತಿರ ಒಂದು ಬೆಲ್ಟನ್ನೂ ಕೂರಿಸಿದೆ, ಲೋಡು ಬಿಗಿದಂತೆ ಬಿಗಿಯಾಗಿ ಇರಲಿ ಎಂದು. ವಿಡಿಯೋದಲ್ಲಿ ಅದನ್ನು ನೋಡಿದ್ದೇ ತಡ ಕೋಚ್ ಹೇಳಿದರು: "ಎಂತ ಮಾರಾಯ್ರೆ, ಬೆಲ್ಟ್ ತೆಗೀರಿ. ಹಲಗೆ ಮಗುಚಿದ್ರೆ ಇವರು ಅಡಿಗೆ ಸಿಕ್ಕಿ ಬೀಳ್ತಾರೆ. ಸಮುದ್ರದಲ್ಲಿ ಯಾರನ್ನೂ ಕಟ್ಟುವಂತಿಲ್ಲ."

ಲೈನ್‌ಮ್ಯಾನ್ ಬೆಲ್ಟಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಕಂಬದ ಮ್ಯಾಲ ಬೆಲ್ಟ್ ಕಟ್ಟಲಿಲ್ಲಂತ ಬಿದ್ದೆ. ಇಲ್ಲಿ ಕಟ್ಟಿದ್ರ ಸಾಯ್ತೀನಂತ. ಈ ಬೆಲ್ಟಿಗೂ ನನಗೂ ಆಗಿ ಬರಂಗಿಲ್ಲ ತಗಿ" ಎಂದ.

ಮಳೆ ಮುಗಿದು ಹಿನ್ನೀರು ಹಂಪಸಾಗರದ ಅಂಚಿಗೆ ಬಂದಾಗ ಶುರುಮಾಡಿದೆವು. ನೀರಿಗೆ ಇಳಿಯುತ್ತಿದ್ದವರು ನಾನು, ಅವನು, ಅವನ ಹೆಂಡತಿಯ ತಮ್ಮ. ಈ ಭಾವಮೈದ ಹರಪನಹಳ್ಳಿ ಕಡೆಯ ತೆಲಿಗಿಯವನು, ಚೀಲ ಹೊರುವ ಹಮಾಲಿ. ಮೈಯಲ್ಲಿ ಎತ್ತಿನ ಬಲ, ಮನಸ್ಸು ಬೆಣ್ಣೆ. ಅಕ್ಕನ ಗಂಡನನ್ನು ಮಗುವಿನಂತೆ ಎತ್ತಿಕೊಳ್ಳುತ್ತಿದ್ದ. ಮೊದಲು ಕಲಿತದ್ದು ತೇಲುವುದನ್ನಲ್ಲ, ಬೀಳುವುದನ್ನು. ಲೈಫ್ ಜಾಕೆಟ್ ಹಾಕಿ, ಮೈತುಂಬ ಬಿಗಿ ಉಡುಪು ತೊಡಿಸಿ, ನಾವೇ ಹಲಗೆ ಮಗುಚುತ್ತಿದ್ದೆವು. ಅವನು ಉಸಿರು ಹಿಡಿದು, ಕೈಯಿಂದಲೇ ಮೈ ತಿರುವಿ, ಮುಖ ಮೇಲೆ ಮಾಡಬೇಕು. ಮೊದಮೊದಲು ಕೆಮ್ಮಿ ಕಣ್ಣು ಕೆಂಪಾಗುತ್ತಿತ್ತು. ದಡದಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿರುತ್ತಿದ್ದಳು.

ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಹತ್ತಿರ ಬಂದು ಕೇಳಿದ: "ಏನ್ರೀ ಲೈನ್‌ಮ್ಯಾನ್, ಬಾಗಲಾ ಕಿತ್ಕೊಂಡು ಬಂದೀರೇನು?"

"ಹೂಂನಪಾ, ನಿಮ್ಮ ಮನೀದ. ಹೋಗಿ ನೋಡ್ಕೋ ಹೋಗು, ನಾಯಿ ಹೊಕ್ಕಿರತೈತಿ."

ಕೂಡ್ಲಿಗಿಯ ಒಬ್ಬ ಹೆಣ್ಣುಮಗಳು ಕೂಡ ಬಂದಿದ್ದಳು. ಬಟ್ಟೆ ಹೊಲಿಯುವವಳು, ಒಂದು ಕಾಲು ಪೋಲಿಯೋಗೆ ಹೋದದ್ದು. ಅವಳ ಸ್ಕೂಟರಿಗೂ ಗಾಲಿ ಹಾಕಿದವನು ನಾನೇ. ಹಲಗೆಯ ಮೇಲೆ ಮಲಗಿದವಳು ಏಳಲೊಲ್ಲೆ ಅಂದಳು. "ನನ್ನೂ ಸಮುದ್ರಕ್ಕ ಕರ್ಕೊಂಡು ಹೋಗ್ರಿ" ಎಂದು ಲೈನ್‌ಮ್ಯಾನ್‌ಗೆ ಗಂಟುಬಿದ್ದಳು. "ಮೊದಲ ನಾ ಹೋಗಿ ಬರ್ತೀನವ್ವ. ಹಿಂಗೈಯಿಂದ ಮುಟ್ಟಿ ನೋಡಿ ಹೇಳ್ತೀನಿ" ಎಂದ.

ಆ ಚಳಿಗಾಲದಲ್ಲೇ ಕರಾವಳಿಗೆ ಹೋದೆವು, ನಾವು ಮೂವರು ಮತ್ತು ಅವನ ಹೆಂಡತಿ. ಜೀಪು ಮಾಡಿಕೊಂಡು, ಹಲಗೆ ಮೇಲೆ ಕಟ್ಟಿ. ಮರಳಲ್ಲಿ ಸಾದಾ ಗಾಲಿಕುರ್ಚಿ ಹೂತುಹೋಗುತ್ತದೆಂದು ನಾನು ದಪ್ಪ ಗಾಳಿಟ್ಯೂಬಿನ ಗಾಲಿಗಳ ಕುರ್ಚಿಯೊಂದನ್ನು ಬೇರೆ ಮಾಡಿದ್ದೆ. ಅದು ಮರಳಿನ ಮೇಲೆ ಹಗುರಾಗಿ ಉರುಳುವುದನ್ನು ಕಂಡು ಕೋಚ್ ನನ್ನ ಬೆನ್ನು ತಟ್ಟಿದರು. ನೀರಂಚಿಗೆ ಹೋದಾಗ ಲೈನ್‌ಮ್ಯಾನ್ ಕುರ್ಚಿಯಿಂದ ಬಾಗಿ, ಬಂದ ತೆರೆಯನ್ನು ಹಿಂಗೈಯಿಂದ ಮುಟ್ಟಿದ. ಒಂದು ಸಲ ಮುಟ್ಟಿ ಕೈ ಹಿಂದಕ್ಕೆ ತಗೊಂಡ. ಇನ್ನೊಮ್ಮೆ ಮುಟ್ಟಿದ. ಆಮೇಲೆ ಅಂಗೈ ತಿರುವಿ ನೀರಿಗೆ ಹಾಕಿದ.

ಮೊದಲ ದಿನ ಕೋಚ್ ಅವನ ಹಿಂದೆ ಅದೇ ಹಲಗೆಯ ಮೇಲೆ ಕೂತು, ಸಣ್ಣ ಸಣ್ಣ ನೊರೆ ತೆರೆಗಳಲ್ಲಿ ಕರೆತಂದರು. ಅವನು ಮಕ್ಕಳಂತೆ ಕೂಗಿದ. ಬಾಯಲ್ಲಿ ಉಪ್ಪು, ಮೂಗಲ್ಲಿ ಉಪ್ಪು. ಆದರೆ ಸಂಜೆ ಹೆಂಡತಿ ಕನ್ನಡಿ ಹಿಡಿದು ಮೈ ನೋಡುತ್ತಿರುವಾಗ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದ: "ಚಲೋ ಇತ್ತು. ಆದ್ರ ಅವರ ಮೊಣಕಾಲು ನನ್ನ ಬೆನ್ನಿಗೆ ಹತ್ತಿತ್ತು. ಅದು ಹೋಗಿದ್ದು ನಾನಲ್ಲ, ನಾವು." ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಚಹಾ ಕುಡಿದು ಹೋದವರಿಗಾಗಿ.

ಮರುದಿನ ಅವನೊಬ್ಬನನ್ನೇ ಬಿಡುವುದು ಎಂದಾಯಿತು. ಕೋಚ್ ಹಲಗೆಯ ಒಂದು ಬದಿ, ಭಾವಮೈದ ಇನ್ನೊಂದು ಬದಿ, ಎದೆಮಟ್ಟದ ನೀರಿನಲ್ಲಿ. ತೆರೆ ಬರುವವರೆಗೆ ಹಿಡಿದಿರಬೇಕು, ಬಂದಾಗ ತಳ್ಳಿ ಕೈ ಮೇಲೆತ್ತಬೇಕು. ಯಾವಾಗ ಎಂಬುದನ್ನು ಲೈನ್‌ಮ್ಯಾನೇ ಹೇಳಬೇಕು. ನನ್ನ ಕೆಲಸ ದಡದ ಹತ್ತಿರ ಮೊಣಕಾಲು ನೀರಿನಲ್ಲಿ ನಿಂತು ಬಂದವನನ್ನು ಹಿಡಿಯುವುದು. ಅಂದು ಬೆಳಿಗ್ಗೆಯಿಂದಲೇ ಗಾಳಿ ತಿರುಗುತ್ತಿತ್ತು. ತೆರೆಗಳು ಒಂದರ ಮೇಲೊಂದು ಬಿದ್ದು ಅವನ ಮುಖಕ್ಕೆ ಹೊಡೆದವು. ಹಲಗೆ ಎರಡು ಸಲ ಮಗುಚಿತು. ಎರಡೂ ಸಲ ಹಿನ್ನೀರಿನಲ್ಲಿ ಕಲಿತಂತೆಯೇ ಮುಖ ಮೇಲೆ ಮಾಡಿದ. ಎತ್ತಿ ಮತ್ತೆ ಮಲಗಿಸಿದರು. ತಲೆ ಹಲಗೆಗೆ ಆನಿಸಿಕೊಂಡು ಏದುಸಿರು ಬಿಡುತ್ತಿದ್ದ. ಆಗ ಹಿಂದೆ ಒಂದು ತೆರೆ ಎದ್ದಿತು. ಉಳಿದವುಗಳ ಹಾಗಲ್ಲ, ಉದ್ದಕ್ಕೆ, ನೇರಕ್ಕೆ, ಯಾರೋ ಸುತ್ತಿಟ್ಟ ಚಾಪೆಯನ್ನು ಬಿಚ್ಚಿಬಿಟ್ಟ ಹಾಗೆ ಬಂತು. ಅವನು ಕತ್ತು ತಿರುಗಿಸಿ ನೋಡಿ, ಇದ್ದಷ್ಟು ಉಸಿರಿನಲ್ಲಿ ಹೇಳಿದ: "ಬಿಡ್ರಿ."

ಕೋಚ್ ಕೈ ಎತ್ತಿದರು. ಭಾವಮೈದ ಎತ್ತಲಿಲ್ಲ. ಬಳಲಿದ ಆ ದನಿ ಅವನಿಗೆ ಮನೆಯಲ್ಲಿ ದಿನಾ ಕೇಳುವ ಬಿಡ್ರಿಯಾಗಿಯೇ ಕೇಳಿತು. ಸಾಕು, ಹೋಗಲಿ ಎಂಬ ಬಿಡ್ರಿ. "ಆಯ್ತು ಮಾವ, ಸಾಕು ಬಿಡು, ಹೋಗಣ" ಎಂದವನೇ ಹಲಗೆಯನ್ನು ಎರಡೂ ಕೈಯಿಂದ ತನ್ನ ಎದೆಗೆ ಎಳೆದುಕೊಂಡ. ತೆರೆ ಅವರನ್ನು ದಾಟಿ ಬಂತು. ನಾನು ಎರಡೂ ಕೈ ಚಾಚಿ ನಿಂತಿದ್ದೆ. ಅದು ನನ್ನ ಮೊಣಕಾಲಿಗೆ ಬಡಿದು, ಮರಳಿನ ಮೇಲೆ ಹರಡಿ, ಹಿಂದಕ್ಕೆ ಹೋಯಿತು. ಅದರಲ್ಲಿ ಯಾರೂ ಇರಲಿಲ್ಲ.

ಇನ್ನೊಂದಕ್ಕೆ ಕಾಯುವಷ್ಟರಲ್ಲಿ ದಡದಲ್ಲಿ ಕೆಂಪು ಬಾವುಟ ಏರಿಸಿದರು. ಸಮುದ್ರ ಕೆಡುತ್ತಿದೆ, ಇನ್ನು ಮೂರ್ನಾಲ್ಕು ದಿನ ಇಳಿಯುವಂತಿಲ್ಲ ಎಂದರು ಕೋಚ್. ಜೀಪು ಅಷ್ಟು ದಿನ ನಿಲ್ಲುವಂತಿರಲಿಲ್ಲ. "ಬೇಸಿಗೆಗೆ ಮೊದಲು ಮತ್ತೆ ಬನ್ನಿ, ಕುರ್ಚಿ ಇಲ್ಲೇ ಇರ್ಲಿ" ಎಂದರು. ಕುರ್ಚಿ ಬಿಟ್ಟು ಬಂದೆವು.

ಬರುವಾಗ ಘಾಟಿಯಲ್ಲಿ ಲಾರಿಯೊಂದು ಅಡ್ಡಬಿದ್ದು ದಾರಿ ಕಟ್ಟಿತ್ತು. ಮುಂದೆಯೂ ಗಾಡಿ, ಹಿಂದೆಯೂ ಗಾಡಿ. ಅವನಂಥವರು ಕೂತ ಕಡೆಯೇ ಕೂತಿರಬಾರದು, ಒತ್ತಿದಲ್ಲಿ ಹುಣ್ಣಾಗುತ್ತದೆ, ಆಗಾಗ ಎರಡೂ ಅಂಗೈ ಸೀಟಿಗೆ ಊರಿ ಮೈ ಮೇಲೆತ್ತಬೇಕು. ಅದು ಅವನಿಗೆ ಉಸಿರಾಟದಷ್ಟು ರೂಢಿ. ಅಂದು ಅವನು ಎತ್ತಲಿಲ್ಲ. ಹೆಂಡತಿ "ಏಳ್ರಿ, ಒಂದೀಟು ಮೈ ಎತ್ರಿ" ಎಂದರೆ ಕೇಳಿಸದವನಂತೆ ಕಿಟಕಿ ನೋಡುತ್ತಿದ್ದ. ನಾನು ಕಂಕುಳಿಗೆ ಕೈ ಹಾಕಲು ಹೋದರೆ ಕೊಸರಿದ. "ಮುಟ್ಟಬ್ಯಾಡ" ಎಂದ. ಭಾವಮೈದ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಊರು ಮುಟ್ಟಿ ಹೊರಳಿಸಿ ನೋಡಿದಾಗ ಕೂರುವ ಮೂಳೆಯ ಮೇಲೆ ಅಂಗೈಯಗಲ ಕೆಂಪು. ಒತ್ತಿದರೆ ಹೋಗದ ಕೆಂಪು.

ಅವನನ್ನು ಕೊಂದದ್ದು ಅದು. ರಸ್ತೆ, ಸೀಟು, ಮತ್ತು ಅವನನ್ನು ಒಯ್ಯದೆ ಹೋದ ಆ ತೆರೆ.

ಗಾಯ ಮೊದಲು ಸಣ್ಣದೇ ಇತ್ತು. ಬೋರಲು ಮಲಗಿಸಿದರು. ಮಾಯುತ್ತದೆ ಎಂದುಕೊಂಡು ಅವನಿಗೆ ಮತ್ತೆ ಹುರುಪು ಬಂತು. ಮನೆಯಲ್ಲಿ ಒಂದು ಕಾನೂನು ಮಾಡಿದ. "ಇನ್ನ ಈ ಮನಿಯಾಗ ಬಿಡ್ರಿ ಅಂದ್ರ ಬಿಡೂದು. ಬ್ಯಾರೆ ಅರ್ಥ ಇಲ್ಲ. ಸಾಕಾದ್ರ ಸಾಕು ಅನ್ನಬೇಕು. ಬ್ಯಾಡಾದ್ರ ಬ್ಯಾಡ ಅನ್ನಬೇಕು." ತಾನೂ ಪಾಲಿಸಿದ. ಚಹಾ ಇನ್ನೊಂದು ಸುತ್ತು ಬಂದರೆ, ಬಾಯಿಗೆ ಬಂದದ್ದನ್ನು ನುಂಗಿ, "ಸಾಕು" ಎನ್ನುತ್ತಿದ್ದ. ಭಾವಮೈದ ತೆಲಿಗಿಯಿಂದ ಬಂದಾಗಲೆಲ್ಲ ಪಾಠ. ಅವನು ಮಂಚದ ಅಂಚು ಹಿಡಿದು ನಿಲ್ಲಬೇಕು. ಬೋರಲು ಮಲಗಿದ ಲೈನ್‌ಮ್ಯಾನ್ ಕತ್ತು ತಿರುಗಿಸಿ ಗೋಡೆ ನೋಡಿ, ಇಲ್ಲದ ತೆರೆ ಬರಲಿ ಎಂದು ಕಾದು, "ಬಿಡ್ರಿ" ಎಂದಾಗ ಥಟ್ಟನೆ ಕೈ ಮೇಲೆ ಎತ್ತಬೇಕು.

"ತಡಾ ಆತು."

"ಎಲ್ಲಿ ಮಾವ, ಅಂದ ಕೂಡ್ಲೆ ಎತ್ತೀನಲ್ಲಪ್ಪ."

"ತೆರಿ ಹೋತು. ಇನ್ನೊಮ್ಮಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ನಗು ಬರುತ್ತಿತ್ತು. ಅವನ ಹೆಂಡತಿ ಅಡುಗೆಮನೆಯಿಂದ, "ಮಂಚ ಹೊಳಿಗೆ ಹೋದೀತು, ನೋಡ್ಕೊಳ್ರಿ" ಎಂದಳು. ಆಕೆ ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಿನ್ನೀರು ದಿನದಿನಕ್ಕೆ ಊರಿನಿಂದ ಹಿಂದೆ ಸರಿಯಿತು. ಗಾಯ ಒಳಗೆ ಇಳಿಯಿತು. ಮೇಲೆ ಬಾಯಿ ಸಣ್ಣದು, ಒಳಗೆ ಗವಿ. ಪಟ್ಟಿ ಕಟ್ಟಿದರು, ಸೂಜಿ ಹಾಕಿದರು. ಮೂಳೆಗೆ ತಾಗಿದೆ ಎಂದರು. ಜ್ವರ ಏರಿತು, ಇಳಿಯಲಿಲ್ಲ. ನಾನು ದಿನಾ ಅಂಗಡಿ ಮುಚ್ಚಿ ಹೋಗುತ್ತಿದ್ದೆ. ಕಬ್ಬಿಣ ಬಿರಿದರೆ ಬೆಸೆಯಬಲ್ಲೆ. ಇಲ್ಲಿ ನನ್ನ ಕೈಗೆ ಕೆಲಸವೇ ಇರಲಿಲ್ಲ.

ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದ ದಿನ ಆಂಬುಲೆನ್ಸ್ ಬಾಗಿಲಲ್ಲಿ ನಿಂತಿತ್ತು. ಮಂಚದಿಂದ ಸ್ಟ್ರೆಚರಿಗೆ ಎತ್ತಬೇಕು. ತಲೆಯ ಕಡೆ ನಾನು, ಹೆಗಲ ಕೆಳಗೆ ಕೈ ಕೊಟ್ಟಿದ್ದೆ. ಕಾಲ ಕಡೆ ಭಾವಮೈದ. ಹೆಂಡತಿ ನಡುವೆ ಬೆಡ್‌ಶೀಟ್ ಹಿಡಿದಿದ್ದಳು. ಇನ್ನೂ ಎತ್ತಿರಲಿಲ್ಲ. ಅವನು ಕಣ್ಣು ತೆರೆದ. ಮೈ ಕಾದ ಕಬ್ಬಿಣದಂತಿತ್ತು. ನನ್ನ ಮುಖ ನೋಡಿದ, ಗೋಡೆಯ ಕಡೆ ನೋಡಿದ. ಹೇಳಿದ:

"ಬಿಡ್ರಿ."

ಭಾವಮೈದ ಥಟ್ಟನೆ ಎರಡೂ ಕೈ ಮೇಲೆತ್ತಿ ಹಿಂದಕ್ಕೆ ಸರಿದು ನಿಂತ. ಒಂದು ಗಳಿಗೆಯೂ ತಡವಾಗಲಿಲ್ಲ. ನಾನು ಬಿಡಲಿಲ್ಲ. ಹಿಡಿಯುವುದು ನನ್ನ ಕೆಲಸವಾಗಿತ್ತು, ಹಿಡಿದೇ ಇದ್ದೆ. ಹೆಂಡತಿ ನನ್ನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ಆಮೇಲೆ "ಎತ್ರಿ" ಎಂದಳು. ಎತ್ತಿದೆವು. ದಾರಿಯಲ್ಲಿ ಅವನು ಮತ್ತೆ ಮಾತಾಡಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು.

ಕೂಡ್ಲಿಗಿಯ ಆ ಹೆಣ್ಣುಮಗಳ ಅಣ್ಣ ಫೋನು ಮಾಡಿದ್ದ. "ನಮ್ಮ ಹುಡಿಗಿ ಇನ್ನ ಬರಲ್ಲ ಮೇಸ್ತ್ರಿ. ನೀವೂ ಬಿಡ್ರಿ ಅದನ್ನ" ಎಂದ. ಅವಳು ಪಕ್ಕದಲ್ಲೇ ಇದ್ದಿರಬೇಕು, ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಹಲಗೆ ಅಂಗಡಿಯ ಹಿಂದಿನ ಗೋಡೆಗೆ ಒರಗಿದೆ. ಅದಕ್ಕೆ ಗಿರಾಕಿಯಿಲ್ಲ. ಹಂಪಸಾಗರದಲ್ಲಿ ನಾವು ನಿಂತು ಬೀಳುವುದನ್ನು ಕಲಿತ ಕಡೆ ಈಗ ಸೌತೆಬಳ್ಳಿ ಹಬ್ಬಿದೆ.

ಭಾವಮೈದ ಒಮ್ಮೆ ಸಂತೆಗೆ ಬಂದವನು ಅಂಗಡಿಗೂ ಬಂದ. ಕೂತ, ಎದ್ದ, ಮತ್ತೆ ಕೂತ. "ಅಣ್ಣ, ಅವತ್ತು ಮಾವ ಅಂದಿದ್ದು ಯಾವ ಬಿಡ್ರಿ? ನೀನು ಹೇಳು, ನಿನಗ ಗೊತ್ತೈತೆ. ನಾ ಕೈ ಬಿಟ್ಟಿದ್ದು ಸರಿ ಆತಲ್ಲ?" ಎಂದ.

ಲೈನ್‌ಮ್ಯಾನ್ ಹೇಳಿದ್ದು ಕಾನೂನಿನ ಬಿಡ್ರಿಯಾಗಿದ್ದರೆ, ಆ ಗೋಡೆಯ ಕಡೆಯಿಂದ ಅವನಿಗೆ ಏನೋ ಬರುತ್ತಿರುವುದು ಕಂಡಿತ್ತು, ನಾನು ಅವನನ್ನು ಕೊನೆಗೂ ಹೋಗಗೊಡಲಿಲ್ಲ. ಹಳೆಯ ಬಿಡ್ರಿಯಾಗಿದ್ದರೆ, ಅವನೂ ಕಡೆಗೆ ಎಲ್ಲರ ಮಾತನ್ನೇ ಆಡಿ ಹೋದ. ಯಾವುದಾಗಿದ್ದರೆ ವಾಸಿ ಎಂದು ನನಗೆ ತಿಳಿಯದು.

"ನೀ ಮಾಡಿದ್ದು ಸರಿ" ಎಂದೆ.

ಅವನು ತಲೆ ಆಡಿಸಿ, ಚೀಲ ಎತ್ತಿಕೊಂಡು, ತೆಲಿಗಿ ಬಸ್ಸಿಗೆ ನಡೆದ. ನನ್ನ ಅಂಗೈಯಲ್ಲಿ ಲೈನ್‌ಮ್ಯಾನ್‌ನ ಹೆಗಲಿನ ಕಾವು ಇನ್ನೂ ಹಾಗೇ ಇದೆ. ನಾನು ಅವನನ್ನು ಒಳಗೈಯಿಂದ ಹಿಡಿದಿದ್ದೆ.